ಸಮುದಾಯದವರೇ ನಡೆಸುವ ಚಿಕ್ಕ ಸಂಸ್ಥೆಗಳಿಗೆ ನಮ್ಮ ಅನುದಾನ ತಲುಪುತ್ತಿಲ್ಲ: ಎಲ್ಲಿಂದ ಸರಿಮಾಡುವುದು?

ಹಂಚಿಕೆವಿಚಾರ ಕೇಳಿದ ಪ್ರಶ್ನೆ

ನಮ್ಮದು ಮಧ್ಯಮ ಗಾತ್ರದ ಪ್ರತಿಷ್ಠಾನ. ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತೇವೆ. ಹಂಚುವ ಹಣದಲ್ಲಿ ಅರ್ಧದಷ್ಟು ಮೂಲನಿಧಿಯಿಂದ ಬರುತ್ತದೆ, ಉಳಿದದ್ದನ್ನು ದಾನಿಗಳಿಂದ ಎತ್ತುತ್ತೇವೆ. ಅವಕಾಶವಂಚಿತ ಸಮುದಾಯಗಳು ತಾವೇ ಕಟ್ಟಿ ನಡೆಸುವ ಸಂಸ್ಥೆಗಳಿಗೆ ಆದ್ಯತೆ ಎಂದು ಪ್ರಕಟಣೆಯಲ್ಲಿ ಸ್ಪಷ್ಟವಾಗಿಯೇ ಬರೆಯುತ್ತೇವೆ. ಆಯ್ಕೆಪಟ್ಟಿ ನೋಡಿದರೆ ಮಾತ್ರ ಪ್ರತಿ ಸಲವೂ ಅವೇ ದೊಡ್ಡ ಸಂಸ್ಥೆಗಳು, ಪ್ರಪೋಸಲ್ ಬರೆಯಲೆಂದೇ ಸಿಬ್ಬಂದಿ ಇಟ್ಟುಕೊಂಡವು.

ಈಗಿನ ನಿಯಮಗಳು: ನೋಂದಣಿ ಕಡ್ಡಾಯ, ಮೂರು ವರ್ಷದ ಆಡಿಟ್ ವರದಿ, 22 ಪುಟದ ಅರ್ಜಿ, ಯೋಜನೆಯ ವೆಚ್ಚದಲ್ಲಿ ಕಾಲು ಭಾಗವನ್ನು ಸಂಸ್ಥೆಯೇ ಹಾಕಬೇಕು, ಆಡಳಿತ ವೆಚ್ಚಕ್ಕೆ ಶೇ. 10ರ ಮಿತಿ, ಖರ್ಚು ಮಾಡಿ ಬಿಲ್ ಕಳಿಸಿದ ಮೇಲೆ ಹಣ ಬಿಡುಗಡೆ. ಐವರು ಪರಿಶೀಲಕರು ಅರ್ಜಿಗಳನ್ನು ಹಂಚಿಕೊಂಡು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಆಡಳಿತ ಮಂಡಳಿ ಒಪ್ಪುವುದಿಲ್ಲ. ಮೊದಲು ಯಾವುದಕ್ಕೆ ಕೈಹಾಕಬೇಕು? ಅಂಕ ಕೊಡುವ ಪದ್ಧತಿಯಲ್ಲಿ ದೋಷವಿದ್ದರೆ ಪತ್ತೆ ಮಾಡುವುದು ಹೇಗೆ? ಇನ್ನೊಂದು ಮಾತು: "ನನ್ನ ಹಣ ಸಂಬಳಕ್ಕೆ ಹೋಗಬಾರದು, ಫಲಾನುಭವಿಗಳ ಫೋಟೊ ಬೇಕು" ಎನ್ನುವ ದಾನಿಗಳು ನಮ್ಮಲ್ಲಿ ಬಹಳ ಇದ್ದಾರೆ. ಎತ್ತುವ ರೀತಿ ಹೀಗೇ ಇದ್ದರೆ ಹಂಚುವ ರೀತಿ ಬದಲಾದೀತೇ?

---

ಕಡತಮನೆ ಉತ್ತರ

ನಿಯಮ ಮುಟ್ಟುವ ಮೊದಲು ಎಣಿಕೆ ಮಾಡಿ. ಕಳೆದ ಸುತ್ತಿನ ಕಡತಗಳನ್ನು ತೆಗೆದು ಎಷ್ಟು ಸಂಸ್ಥೆಗಳು ವಿಚಾರಿಸಿದವು, ಎಷ್ಟು ಅರ್ಜಿ ತೆರೆದವು, ಎಷ್ಟು ಸಲ್ಲಿಸಿದವು, ಅರ್ಹತೆಯ ಜರಡಿ ದಾಟಿದವೆಷ್ಟು, ಅಂತಿಮ ಪಟ್ಟಿಗೆ ಬಂದವೆಷ್ಟು, ಹಣ ಪಡೆದವೆಷ್ಟು ಎಂದು ಹಂತ ಹಂತವಾಗಿ ಬರೆದುಕೊಳ್ಳಿ. ಪ್ರತಿ ಹಂತವನ್ನೂ ಎರಡು ರೀತಿ ಒಡೆದು ನೋಡಿ: ಸಂಸ್ಥೆಯ ವಾರ್ಷಿಕ ಬಜೆಟ್ ಎಷ್ಟು, ಮುಖ್ಯಸ್ಥರೂ ಆಡಳಿತ ಮಂಡಳಿಯ ಬಹುಪಾಲು ಸದಸ್ಯರೂ ಆ ಸಮುದಾಯದವರೇ ಹೌದೋ ಅಲ್ಲವೋ. ಜೊತೆಗೆ, ಕೇಳಿದ ಮೊತ್ತದಲ್ಲಿ ಎಷ್ಟು ಪಾಲು ಕೊಟ್ಟಿರಿ ಎಂಬುದನ್ನೂ ಸೇರಿಸಿ. ಚಿಕ್ಕವರಿಗೆ ಅನುದಾನ ಸಿಕ್ಕರೂ ಕೇಳಿದ್ದರ ಅರ್ಧ ಮಾತ್ರ ಸಿಗುವುದು ಎಷ್ಟೋ ಕಡೆ ಯಾರ ಗಮನಕ್ಕೂ ಬರುವುದಿಲ್ಲ.

ಎಲ್ಲಿ ಉದುರಿಹೋಗುತ್ತಿದ್ದಾರೆ ಎಂಬುದೇ ರೋಗ ಯಾವುದೆಂದು ಹೇಳುತ್ತದೆ. ವಿಚಾರಿಸುವವರೇ ಕಡಿಮೆ ಇದ್ದರೆ ಪ್ರಕಟಣೆ ತಲುಪುತ್ತಿಲ್ಲ. ತೆರೆದು ಸಲ್ಲಿಸದೆ ಬಿಟ್ಟವರು ಹೆಚ್ಚಿದ್ದರೆ ಅರ್ಜಿಯ ಭಾರ ಜಾಸ್ತಿ. ಜರಡಿಯಲ್ಲಿ ಹೋದರೆ ಅರ್ಹತೆಯ ನಿಯಮದಲ್ಲಿ ದೋಷ. ಅದನ್ನೂ ದಾಟಿ ಅಂತಿಮ ಪಟ್ಟಿಯಲ್ಲಿ ಕಾಣದಿದ್ದರೆ ಮಾತ್ರ ಅಂಕಪದ್ಧತಿಯ ಮೇಲೆ ಅನುಮಾನಪಡಿ. ಸಮುದಾಯದ ಗುರುತನ್ನು ಸಂಸ್ಥೆಗಳೇ ತಮ್ಮ ಮಾತಿನಲ್ಲಿ ಹೇಳಲಿ, ಪುರಾವೆ ಕೇಳಬೇಡಿ. ಗುರುತು ಹೊರಬಿದ್ದರೆ ಅಪಾಯವಿರುವವರೂ ಇರುತ್ತಾರೆ, ಹಾಗಾಗಿ ಆ ಉತ್ತರ ಐಚ್ಛಿಕವಾಗಿರಲಿ, ಅರ್ಜಿಯಿಂದ ಬೇರೆಯಾಗಿ ಸಂಗ್ರಹವಾಗಲಿ.

ನೀವು ಕೊಟ್ಟ ನಿಯಮಗಳನ್ನು ನೋಡಿದರೆ ಮೊದಲು ತೆಗೆಯಬೇಕಾದದ್ದು ಸ್ವಂತ ಪಾಲಿನ ಷರತ್ತು. ಮೂಲಬಂಡವಾಳವಿಲ್ಲದ ಸಂಸ್ಥೆ ಕಾಲು ಭಾಗವನ್ನು ಎಲ್ಲಿಂದ ತರಬೇಕು? ಇನ್ನೊಬ್ಬ ದಾನಿಯ ಹಣವನ್ನು ನಿಮ್ಮ ಯೋಜನೆಗೆ ಕಟ್ಟಿಹಾಕಬೇಕು, ಇಲ್ಲವೇ ಸಿಬ್ಬಂದಿಯ ಸಂಬಳವಿಲ್ಲದ ದುಡಿಮೆಯನ್ನು ಪಾಲೆಂದು ತೋರಿಸಬೇಕು. ಬದ್ಧತೆ ಅಳೆಯಲೆಂದು ಹಾಕಿದ ಷರತ್ತು ಅಳೆಯುವುದು ಕೈಯಲ್ಲಿರುವ ಕಾಸನ್ನು.

ಎರಡನೆಯದು ಅರ್ಜಿ. ಇದರ ನಿಜವಾದ ಬೆಲೆಯನ್ನು ಮಂಡಳಿಗೆ ಲೆಕ್ಕ ಹಾಕಿ ತೋರಿಸಿ. ಒಂದು ಅನುದಾನದ ಮೊತ್ತ 100 ಎಂದಿಟ್ಟುಕೊಳ್ಳಿ. ಎಂಟು ಅರ್ಜಿಗಳಲ್ಲಿ ಒಂದಕ್ಕೆ ಸಿಗುತ್ತದೆ, 22 ಪುಟ ತುಂಬಲು ಪ್ರತಿ ಸಂಸ್ಥೆಗೂ 4ರಷ್ಟು ಮೌಲ್ಯದ ಕೆಲಸ ಹಿಡಿಯುತ್ತದೆ. ಎಂಟು ಸಂಸ್ಥೆಗಳಿಂದ 32 ಆಯಿತು. ಗೆದ್ದವರ ವರದಿಗೆ 10 ಸೇರಿಸಿ. ನೀವು 100 ಕೊಟ್ಟಿರಿ, ಕ್ಷೇತ್ರಕ್ಕೆ ಉಳಿದದ್ದು 58. ಇದನ್ನೇ ಎರಡು ಹಂತ ಮಾಡಿ: ಮೊದಲು ಎರಡು ಪುಟ, ತಲಾ 0.5ರಂತೆ ಒಟ್ಟು 4, ಅದರಲ್ಲಿ ಮೂವರನ್ನು ಮಾತ್ರ ಪೂರ್ಣ ಅರ್ಜಿಗೆ ಕರೆಯಿರಿ, ತಲಾ 3ರಂತೆ 9, ವರದಿ 4. ಈಗ ಉಳಿದದ್ದು 83. ಎರಡನೇ ಹಂತಕ್ಕೆ ಬಂದವರಿಗೆ ಅರ್ಜಿ ಬರೆಯುವ ಖರ್ಚನ್ನು ನೀವೇ ಕೊಟ್ಟರೆ ಇನ್ನೂ ನ್ಯಾಯ. ಆದರೆ ಮೊದಲ ಹಂತವನ್ನು ಎರಡು ಪುಟ ಎಂದು ಹೇಳಿ ಎಂಟು ಲಗತ್ತು ಕೇಳಿದರೆ ಏನೂ ಬದಲಾಗುವುದಿಲ್ಲ. ಬಹಳ ಕಡೆ ಆಗುವುದು ಇದೇ.

ಪ್ರತಿ ಪ್ರಶ್ನೆಯ ಮುಂದೆ "ಈ ಉತ್ತರದಿಂದ ನಮ್ಮ ಯಾವ ನಿರ್ಧಾರ ಬದಲಾಗುತ್ತದೆ?" ಎಂದು ಬರೆಯಿರಿ. ಉತ್ತರ ಸಿಗದ ಪ್ರಶ್ನೆಯನ್ನು ಹೊಡೆದುಹಾಕಿ. ಬೇರೆ ದಾನಿಗೆ ಬರೆದ ಪ್ರಪೋಸಲ್ಲನ್ನೇ ಒಪ್ಪಿಕೊಳ್ಳಿ. ಬರಹಕ್ಕಿಂತ ಮಾತು ಸಲೀಸಾದವರಿಗೆ ಫೋನಿನಲ್ಲಿ ಹೇಳುವ, ಧ್ವನಿಮುದ್ರಿಸಿ ಕಳಿಸುವ ದಾರಿ ಇರಲಿ, ತಮ್ಮ ಭಾಷೆಯಲ್ಲೇ. ಅನುವಾದದ ಖರ್ಚು ನಿಮ್ಮದು.

ಗಾತ್ರಕ್ಕೆ ಮೇಲ್ಮಿತಿ ಇಡುವುದನ್ನೂ ಯೋಚಿಸಿ. ಅಮೆರಿಕದ ದೊಡ್ಡ ದಾನಿ ಮೆಕೆಂಜಿ ಸ್ಕಾಟ್ 2023ರಲ್ಲಿ ನಡೆಸಿದ ಮುಕ್ತ ಆಹ್ವಾನಕ್ಕೆ ವಾರ್ಷಿಕ ಬಜೆಟ್ 10 ಲಕ್ಷದಿಂದ 50 ಲಕ್ಷ ಡಾಲರ್ ಒಳಗಿನ ಸಂಸ್ಥೆಗಳಷ್ಟೇ ಅರ್ಹ. 6,353 ಅರ್ಜಿ ಬಂದವು, ಮೊದಲ ಸುತ್ತಿನಲ್ಲಿ ಅರ್ಜಿದಾರರೇ ಒಬ್ಬರು ಇನ್ನೊಬ್ಬರ ಅರ್ಜಿ ಓದಿ ಅಂಕ ಕೊಟ್ಟರು. 2024ರ ಮಾರ್ಚಿನಲ್ಲಿ 361 ಸಂಸ್ಥೆಗಳಿಗೆ ಒಟ್ಟು 64 ಕೋಟಿ ಡಾಲರ್ ಹೋಯಿತು. ಆ ಹಣಕ್ಕೆ ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಕಟ್ಟುಪಾಡಿರಲಿಲ್ಲ. ನಿಜವಾಗಿ ಚಿಕ್ಕ ಸಂಸ್ಥೆಗಳಿಗೆ 10 ಲಕ್ಷದ ಕೆಳಮಿತಿಯೇ ಒಂದು ಗೋಡೆ ಎಂಬುದೂ ನಿಜ, ಆದರೂ ದೈತ್ಯರನ್ನು ಹೊರಗಿಡುವ ವಿಧಾನವಾಗಿ ಮೇಲ್ಮಿತಿ ಸರಳ, ಪಾರದರ್ಶಕ.

---

ಅಂಕಪಟ್ಟಿ ಉತ್ತರ

ಅಂಕದ ಭಾಗ ನಾನು ಹೇಳುತ್ತೇನೆ. ನಿಮ್ಮಲ್ಲಿ ಪರಿಶೀಲಕರು ಅರ್ಜಿಗಳನ್ನು "ಹಂಚಿಕೊಳ್ಳುತ್ತಾರೆ" ಎಂದಿರಿ. ಒಂದು ಅರ್ಜಿಯನ್ನು ಒಬ್ಬರೇ ಓದುವುದಾದರೆ ನೀವು ಹೋಲಿಸುತ್ತಿರುವುದು ಅರ್ಜಿಗಳನ್ನಲ್ಲ, ಓದುವವರ ಕೈಗಟ್ಟಿತನವನ್ನು. ಒಬ್ಬರ ಸರಾಸರಿ 5.2, ಇನ್ನೊಬ್ಬರದು 7.8 ಇದೆ ಎನ್ನಿ. ಮೊದಲನೆಯವರಿಂದ 6.4 ಪಡೆದ ಅರ್ಜಿ ಅವರ ಕಟ್ಟಿನಲ್ಲಿ ಮೇಲಿನದು, ಎರಡನೆಯವರಿಂದ 7.4 ಪಡೆದದ್ದು ಅವರ ಕಟ್ಟಿನಲ್ಲಿ ಸರಾಸರಿಗೂ ಕೆಳಗೆ. ಪಟ್ಟಿಯಲ್ಲಿ ಮಾತ್ರ 7.4 ಗೆಲ್ಲುತ್ತದೆ.

ಸರಿಪಡಿಸಲು: ಪ್ರತಿ ಅರ್ಜಿಗೂ ಕನಿಷ್ಠ ಮೂವರು ಓದುಗರು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಹಂಚಿ. ವಿಷಯ ನೋಡಿ ಹಂಚಿದರೆ ಒಬ್ಬರ ಕಟ್ಟು ನಿಜಕ್ಕೂ ಉತ್ತಮವಾಗಿರಬಹುದು, ಆಗ ಸರಾಸರಿ ಕಳೆಯುವುದೇ ಅನ್ಯಾಯ. ಆಮೇಲೆ ಪ್ರತಿ ಅಂಕದಿಂದ ಆ ಓದುಗರ ಸರಾಸರಿಯನ್ನು ಕಳೆಯಿರಿ. ಒಬ್ಬೊಬ್ಬರೂ ಸಾಕಷ್ಟು ಅರ್ಜಿ ಓದಿದ್ದರೆ ಬಂದದ್ದನ್ನು ಅವರ ಪ್ರಮಾಣ ವಿಚಲನೆಯಿಂದ (ಅವರ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಶನ್) ಭಾಗಿಸಿ. ಹತ್ತಕ್ಕಿಂತ ಕಡಿಮೆ ಓದಿದವರ ಪ್ರಮಾಣ ವಿಚಲನೆ ನಂಬಿಕೆಗೆ ಯೋಗ್ಯವಲ್ಲ, ಅಲ್ಲಿ ಸರಾಸರಿ ಕಳೆದು ನಿಲ್ಲಿಸಿ. ಓದು ಶುರುವಾಗುವ ಮೊದಲು ಹಳೆಯ ಮೂರು ಅರ್ಜಿಗಳನ್ನು ಎಲ್ಲರೂ ಓದಿ, ಅಂಕ ಕೊಟ್ಟು, ಎಲ್ಲಿ ವ್ಯತ್ಯಾಸ ಬಂತು ಎಂದು ಕೂತು ಮಾತಾಡಲಿ.

ಅದಕ್ಕಿಂತ ದೊಡ್ಡ ಸೋರಿಕೆ ಮಾನದಂಡದ ಪದಗಳಲ್ಲಿದೆ. "ಸಂಸ್ಥೆಯ ಸಾಮರ್ಥ್ಯ: 10" ಎಂದು ಬರೆದರೆ ಓದುಗರು ಅಲ್ಲಿ ಚೆಂದದ ಭಾಷೆ, ಹೆಸರಾಂತ ಪಾಲುದಾರರು, ಹೊಳೆಯುವ ವರದಿ ಇವುಗಳಿಗೆ ಅಂಕ ಹಾಕುತ್ತಾರೆ. ಬದಲಿಗೆ ಪ್ರತಿ ಅಂಕಕ್ಕೂ ಕಣ್ಣಿಗೆ ಕಾಣುವ ಗುರುತು ಕೊಡಿ. ಸಮುದಾಯದ ಜೊತೆಗಿನ ನಂಟಿಗೆ ಹೀಗೆ: 1 ಎಂದರೆ ಸಮುದಾಯ ಸೇವೆ ಪಡೆಯುತ್ತದೆ ಅಷ್ಟೆ, 3 ಎಂದರೆ ನಿಯಮಿತವಾಗಿ ಅಭಿಪ್ರಾಯ ಕೇಳಲಾಗುತ್ತದೆ, ಅದರಿಂದ ಏನು ಬದಲಾಯಿತು ಎಂದು ತೋರಿಸಲು ಒಂದು ಉದಾಹರಣೆ ಇದೆ, 5 ಎಂದರೆ ಬಜೆಟ್ ಮತ್ತು ನೇಮಕಾತಿ ನಿರ್ಧರಿಸುವವರಲ್ಲಿ ಬಹುಪಾಲು ಆ ಸಮುದಾಯದವರೇ. ಈ ಮಾನದಂಡಕ್ಕೆ ಒಟ್ಟು ಅಂಕದಲ್ಲಿ ಮೂರನೇ ಒಂದು ಭಾಗವಾದರೂ ಇರಲಿ. ಶೇ. 5 ಕೊಟ್ಟರೆ ಅದು ಪ್ರಕಟಣೆಯ ಶೋಭೆಗೆ ಮಾತ್ರ.

ಗಡಿಯ ಹತ್ತಿರ 0.1, 0.2 ಅಂತರದಲ್ಲಿರುವ ಅರ್ಜಿಗಳ ನಡುವೆ ಆಯ್ಕೆ ಮಾಡಲು ಅಂಕಕ್ಕೆ ಶಕ್ತಿ ಇಲ್ಲ. ಅಲ್ಲಿ ಚರ್ಚೆಗೆ ಕೂತರೆ ಪರಿಚಯದ ಹೆಸರುಗಳು ಮೇಲೆ ಬರುತ್ತವೆ. ಚೀಟಿ ಎತ್ತಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ ತನ್ನ ಎಕ್ಸ್‌ಪ್ಲೋರರ್ ಅನುದಾನಗಳಿಗೆ ಗುಣಮಟ್ಟದ ಗೆರೆ ದಾಟಿದವರ ನಡುವೆ ಲಾಟರಿ ಹಾಕುತ್ತಾ ಬಂದಿತು. ಬ್ರಿಟಿಷ್ ಅಕಾಡೆಮಿ 2022ರಲ್ಲಿ ಚಿಕ್ಕ ಸಂಶೋಧನಾ ಅನುದಾನಗಳಿಗೆ ಭಾಗಶಃ ಲಾಟರಿಯ ಪ್ರಯೋಗ ಶುರುಮಾಡಿತು. ಎರಡೂ ಸಂಶೋಧನಾ ಕ್ಷೇತ್ರದವು, ತತ್ವ ಮಾತ್ರ ಎಲ್ಲಿಗೂ ಹೊಂದುತ್ತದೆ.

ಸಮುದಾಯದವರನ್ನೇ ಆಯ್ಕೆ ಸಮಿತಿಗೆ ಕರೆಯುವ ದಾರಿಯೂ ಇದೆ. 2008ರಲ್ಲಿ ಆರಂಭವಾದ ಡಿಸಬಿಲಿಟಿ ರೈಟ್ಸ್ ಫಂಡ್‌ನಲ್ಲಿ ಅನುದಾನದ ನಿರ್ಧಾರದೊಳಗೆ ಅಂಗವಿಕಲ ಕಾರ್ಯಕರ್ತರೇ ಕೂರುತ್ತಾರೆ. ಯುವ ಸ್ತ್ರೀವಾದಿಗಳ ನಿಧಿಯಾದ ಫ್ರಿಡಾದಲ್ಲಿ ಅರ್ಜಿ ಹಾಕಿದ ಗುಂಪುಗಳೇ ಪರಸ್ಪರ ಮತ ಹಾಕುತ್ತವೆ. ಹೀಗೆ ಮಾಡುವುದಾದರೆ ಸಮಿತಿಯವರ ಸಮಯಕ್ಕೆ ಸಂಭಾವನೆ, ಪ್ರಯಾಣ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ದುಭಾಷಿ ಇವೆಲ್ಲ ಬಜೆಟ್‌ನಲ್ಲಿ ಇರಬೇಕು. ಸರ್ಕಾರಿ ಭತ್ಯೆ ಪಡೆಯುವವರಿಗೆ ಸಂಭಾವನೆಯಿಂದ ಭತ್ಯೆ ಕಡಿತವಾದೀತೇ ಎಂದು ಮೊದಲೇ ವಿಚಾರಿಸಿ, ಆಯ್ಕೆ ಅವರಿಗೇ ಬಿಡಿ. ಹಿತಾಸಕ್ತಿಯ ನಂಟಿರುವ ಅರ್ಜಿ ಬಂದಾಗ ಸದಸ್ಯರು ಮತದಿಂದ ಹೊರಗುಳಿಯಲಿ. ಆದರೆ ಪರಿಚಯವಿದೆ ಎಂಬ ಕಾರಣಕ್ಕೇ ಹೊರಗಿಟ್ಟರೆ ಚಿಕ್ಕ ಸಮುದಾಯದಲ್ಲಿ ಸಮಿತಿಯೇ ಉಳಿಯುವುದಿಲ್ಲ. ಸಂಬಳ, ಕುಟುಂಬ, ಆಡಳಿತ ಮಂಡಳಿ ಸದಸ್ಯತ್ವ, ಈ ಮೂರಕ್ಕೆ ಗೆರೆ ಎಳೆಯಿರಿ. ಸಮಿತಿ ಶಿಫಾರಸು ಮಾಡಿದ್ದನ್ನು ಮಂಡಳಿ ಕಾನೂನಿನ ಕಾರಣವಿಲ್ಲದೆ ತಿರಸ್ಕರಿಸುವುದಿಲ್ಲ ಎಂದು ಬರಹದಲ್ಲಿ ಇಲ್ಲದಿದ್ದರೆ ಜನರನ್ನು ಕರೆಯಲೇಬೇಡಿ.

---

ಲೆಕ್ಕದಪುಟ ಉತ್ತರ

ಮೇಲಿನ ಇಬ್ಬರೂ ಯಾರಿಗೆ ಸಿಗಬೇಕು ಎಂದು ಹೇಳಿದರು. ಸಿಕ್ಕ ಮೇಲೆ ಆ ಸಂಸ್ಥೆ ಬದುಕುತ್ತದೆಯೇ ಎಂಬುದು ಹಣ ಬಿಡುಗಡೆಯ ರೀತಿಯಲ್ಲಿದೆ. ನನ್ನನ್ನು ಕೇಳಿದರೆ ಸ್ವಂತ ಪಾಲಿಗಿಂತಲೂ ಮೊದಲು "ಖರ್ಚು ಮಾಡಿ, ಬಿಲ್ ಕಳಿಸಿ" ಎಂಬುದು ಹೋಗಬೇಕು.

ವರ್ಷಕ್ಕೆ 100ರ ಅನುದಾನ, ತಿಂಗಳಿಗೆ ಸುಮಾರು 8.3 ಖರ್ಚು. ಮೂರು ತಿಂಗಳಿಗೊಮ್ಮೆ ಬಿಲ್, ನೀವು ಪರಿಶೀಲಿಸಿ ಹಣ ಹಾಕಲು ಇನ್ನೆರಡು ತಿಂಗಳು. ಐದು ತಿಂಗಳ ಖರ್ಚು, ಅಂದರೆ 42ರಷ್ಟು, ಸಂಸ್ಥೆಯ ಕೈಯಲ್ಲಿ ಮೊದಲೇ ಇರಬೇಕು. ಅಷ್ಟು ನಗದಿರುವ ಸಂಸ್ಥೆ ಚಿಕ್ಕದಾಗಿರುವುದಿಲ್ಲ. ಇಲ್ಲದವರು ಸಾಲ ಮಾಡುತ್ತಾರೆ, ಬಡ್ಡಿಯನ್ನು ನಿಮ್ಮ ಬಜೆಟ್‌ನಲ್ಲಿ ತೋರಿಸುವಂತಿಲ್ಲ, ಸಂಬಳ ತಡವಾಗುತ್ತದೆ. ಮುಂಗಡವಾಗಿ ಕೊಡಿ: ಚಿಕ್ಕ ಮೊತ್ತವಾದರೆ ಒಂದೇ ಕಂತಿನಲ್ಲಿ, ದೊಡ್ಡದಾದರೆ ಅರ್ಧರ್ಧ. ಎರಡನೇ ಕಂತಿಗೆ ಮೊದಲನೆಯದು ಪೂರ್ತಿ ಖಾಲಿಯಾಗಬೇಕೆಂದು ಕಾಯಬೇಡಿ. ಮುಕ್ಕಾಲು ಖರ್ಚಾದಾಗ ಬಿಡುಗಡೆ ಮಾಡಿದರೆ ನಡುವೆ ಬರಗಾಲ ಬರುವುದಿಲ್ಲ.

ಆಡಳಿತ ವೆಚ್ಚ. ಯೋಜನೆಯ ನೇರ ಖರ್ಚು 100, ಅದನ್ನು ನಡೆಸಲು ಬೇಕಾದ ಬಾಡಿಗೆ, ಲೆಕ್ಕಪತ್ರ, ಮೇಲ್ವಿಚಾರಣೆ, ವಿಮೆಯ ಪಾಲು 24 ಎಂದಿಟ್ಟುಕೊಳ್ಳಿ. ನೀವು ಕೊಡುವುದು 110. ಕೊರತೆ 14. ಇಂಥ ಐದು ಅನುದಾನ ಗೆದ್ದ ಸಂಸ್ಥೆಗೆ ಕೊರತೆ 70. ಹೆಚ್ಚು ಗೆದ್ದಷ್ಟೂ ಬಡವಾಗುತ್ತಾ ಹೋಗುವ ಲೆಕ್ಕ ಇದು. ದೊಡ್ಡ ಸಂಸ್ಥೆ ಷರತ್ತಿಲ್ಲದ ದೇಣಿಗೆಯಿಂದ ಆ ಕೊರತೆ ತುಂಬಿಕೊಳ್ಳುತ್ತದೆ, ಚಿಕ್ಕದು ಕಾರ್ಯಕರ್ತರ ಸಂಬಳದಿಂದ ತುಂಬಿಸುತ್ತದೆ. ಲಾಭರಹಿತ ಸಂಸ್ಥೆಗಳಿಗೆ ಸಲಹೆ ಕೊಡುವ ಅಮೆರಿಕದ ಬ್ರಿಡ್ಜ್‌ಸ್ಪ್ಯಾನ್ ಮತ್ತು ಹೊಸ ಸಾಮಾಜಿಕ ಸಂಸ್ಥೆ ಕಟ್ಟುವವರಿಗೆ ನೆರವು ಕೊಡುವ ಎಕೋಯಿಂಗ್ ಗ್ರೀನ್ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಗೆ ಬರಬೇಕು: ಎಕೋಯಿಂಗ್ ಗ್ರೀನ್‌ನ ಅತ್ಯಂತ ಅರ್ಹ ಅರ್ಜಿದಾರರಲ್ಲೇ ಕಪ್ಪುಜನರು ಮುನ್ನಡೆಸುವ ಸಂಸ್ಥೆಗಳ ಆದಾಯ ಬಿಳಿಯರ ನೇತೃತ್ವದವಕ್ಕಿಂತ ಶೇ. 24 ಕಡಿಮೆ ಇತ್ತು, ಷರತ್ತಿಲ್ಲದ ನಿವ್ವಳ ಆಸ್ತಿ (ಸಾಲ ಕಳೆದು, ಬೇಕಾದಂತೆ ಬಳಸಬಹುದಾದ ಹಣ) ಶೇ. 76 ಕಡಿಮೆ. ಆದಾಯಕ್ಕಿಂತ ಷರತ್ತಿಲ್ಲದ ಹಣದಲ್ಲಿ ಅಂತರ ಎಷ್ಟು ದೊಡ್ಡದು ನೋಡಿ. ನಂಬಿಕೆಯ ಕೊರತೆ ಅಂಕಿಯಾಗಿ ಕಾಣುವುದು ಅಲ್ಲಿ.

ಅಮೆರಿಕದ ಫೋರ್ಡ್ ಫೌಂಡೇಶನ್ ಯೋಜನಾ ಅನುದಾನಗಳಲ್ಲಿ ಪರೋಕ್ಷ ವೆಚ್ಚದ, ಅಂದರೆ ಇಂಥ ಆಡಳಿತ ವೆಚ್ಚದ, ದರವನ್ನು 2016ರಲ್ಲಿ ಶೇ. 20ಕ್ಕೆ, 2023ರಲ್ಲಿ ಶೇ. 25ಕ್ಕೆ ಏರಿಸಿತು. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಅನುದಾನಗಳಲ್ಲಿ, ಸರ್ಕಾರದ ಜೊತೆ ಪ್ರತ್ಯೇಕ ದರ ಒಪ್ಪಿಕೊಂಡಿಲ್ಲದ ಸಂಸ್ಥೆಗಳು ಬಳಸಬಹುದಾದ ದರದ ಮಿತಿ 2024ರ ಅಕ್ಟೋಬರ್ 1ರಿಂದ ಶೇ. 10ರಿಂದ 15 ಆಯಿತು. ನಿಯಮ ಬರೆಯುವಾಗ ಯಾವುದರ ಮೇಲಿನ ಶೇಕಡಾ ಎಂದು ಹೇಳಿ. ನೇರ ವೆಚ್ಚದ ಶೇ. 25 ಎಂದರೆ ಒಟ್ಟು ಮೊತ್ತದ ಶೇ. 20; ಈ ಗೊಂದಲದಲ್ಲಿ ಪ್ರತಿ ಸಲ ಸೋಲುವುದು ಕೇಳುವವರು. ಎಲ್ಲಕ್ಕಿಂತ ಒಳ್ಳೆಯದು ಮೂರು ವರ್ಷಕ್ಕೆ, ಷರತ್ತಿಲ್ಲದೆ, ಸಂಸ್ಥೆಯ ಒಟ್ಟು ಕೆಲಸಕ್ಕೆ ಕೊಡುವುದು. ಆಗ ಈ ಶೇಕಡಾವಾರು ಜಗಳವೇ ಇಲ್ಲ.

---

ಹಂಚಿಕೆವಿಚಾರ

ಮಂಡಳಿ ಕೇಳುವ ಮೊದಲ ಪ್ರಶ್ನೆ ಗೊತ್ತು: ಆಡಿಟ್ ಇಲ್ಲದೆ, ನೋಂದಣಿ ಇಲ್ಲದೆ ಮುಂಗಡ ಕೊಟ್ಟು ಹಣ ಹೋದರೆ ಹೊಣೆ ಯಾರು?

---

ಲೆಕ್ಕದಪುಟ

ಮೊತ್ತಕ್ಕೆ ತಕ್ಕ ತಪಾಸಣೆ ಮಾಡಿ. ಚಿಕ್ಕ ಅನುದಾನಕ್ಕೆ ಆರು ತಿಂಗಳ ಬ್ಯಾಂಕ್ ವಿವರ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲಾಗದ ಖಾತೆ, ಜೊತೆಗೆ ಕೆಲಸ ಮಾಡಿದ ಇಬ್ಬರ ಬಳಿ ಫೋನ್ ವಿಚಾರಣೆ ಸಾಕು. ಮಧ್ಯಮ ಮೊತ್ತಕ್ಕೆ ಹೊರಗಿನ ಲೆಕ್ಕಿಗರ ಪರಿಶೀಲನೆ. ಆಡಿಟ್ ದೊಡ್ಡದಕ್ಕೆ ಮಾತ್ರ, ಅದರ ಶುಲ್ಕ ಅನುದಾನದಲ್ಲೇ ಸೇರಿರಲಿ. ಆಡಿಟ್ ಹೇಳುವುದು ಲೆಕ್ಕ ನಿಯಮದಂತೆ ಇದೆಯೇ ಎಂಬುದನ್ನು ಮಾತ್ರ, ಕೆಲಸ ಒಳ್ಳೆಯದೇ ಎಂಬುದನ್ನಲ್ಲ.

ನೋಂದಣಿ ಇಲ್ಲದ ಗುಂಪಿಗೆ ನೋಂದಾಯಿತ ಆತಿಥೇಯ ಸಂಸ್ಥೆಯ ಮೂಲಕ, ಅಂದರೆ ಗುಂಪಿನ ಪರವಾಗಿ ಹಣ ಪಡೆದು ಲೆಕ್ಕ ಇಡುವ ಸಂಸ್ಥೆಯ ಮೂಲಕ, ಕೊಡಬಹುದು. ಆತಿಥೇಯರ ಶುಲ್ಕ ಹಲವು ಕಡೆ ಶೇ. 5ರಿಂದ 15ರವರೆಗೆ ಇರುತ್ತದೆ. ಅದನ್ನು ಗುಂಪಿನ ಹಣದಿಂದ ಕಡಿಯದೆ ಮೇಲೆ ಸೇರಿಸಿ ಕೊಡಿ. ಒಪ್ಪಂದದಲ್ಲಿ ಎರಡು ಸಾಲು ಮರೆಯಬೇಡಿ: ಕೇಳಿದ ಇಷ್ಟು ದಿನದೊಳಗೆ ಆತಿಥೇಯರು ಹಣ ಬಿಡಬೇಕು, ಗುಂಪು ಬೇರೆ ಆತಿಥೇಯರ ಬಳಿ ಹೋದರೆ ಉಳಿದ ಹಣವೂ ಅದರ ಜೊತೆ ಹೋಗಬೇಕು. ಇವಿಲ್ಲದೆ ಆತಿಥೇಯರು ಮಾಲೀಕರಾಗುತ್ತಾರೆ. ನಿಮ್ಮ ದೇಶದ ಕಾನೂನು ಹೀಗೆ ಮರುಹಂಚಿಕೆ ಮಾಡಲು ಬಿಡುತ್ತದೆಯೇ ಎಂದು ವಕೀಲರಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ, ಎಲ್ಲ ಕಡೆ ಬಿಡುವುದಿಲ್ಲ.

---

ದೇಣಿಗೆದಾರಿ ಉತ್ತರ

ಕೊನೆಯ ಪ್ರಶ್ನೆಗೆ ಬರುತ್ತೇನೆ. ಎತ್ತುವ ರೀತಿ ಬದಲಾಗದೆ ಹಂಚುವ ರೀತಿ ಬದಲಾಗುವುದಿಲ್ಲ. ದಾನಿಗೆ ನೀವು ಏನೆಂದು ಮಾತು ಕೊಟ್ಟಿರೋ ಅದೇ ಕೆಳಗೆ ಷರತ್ತಾಗಿ ಇಳಿಯುತ್ತದೆ. "ನಿಮ್ಮ ಹಣದ ಪ್ರತಿ ಕಾಸೂ ನೇರ ಫಲಾನುಭವಿಗೆ" ಎಂದು ಮನವಿಪತ್ರದಲ್ಲಿ ಬರೆದವರು ಶೇ. 10ರ ಮಿತಿಯನ್ನು ತೆಗೆಯಲಾರರು. ಆದ್ದರಿಂದ ಮೊದಲು ಆ ಸಾಲನ್ನು ನಿಮ್ಮ ಎಲ್ಲ ಪ್ರಚಾರದಿಂದ ತೆಗೆಯಿರಿ. 2013ರ ಜೂನಿನಲ್ಲಿ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ದಾನಿಗಳಿಗೆ ಸಂಸ್ಥೆಗಳ ಮೌಲ್ಯಮಾಪನ ಒದಗಿಸುವ ಈ ಮೂರೂ ಸೇರಿ, ಓವರ್‌ಹೆಡ್ ಅನುಪಾತವೊಂದನ್ನೇ (ಒಟ್ಟು ಖರ್ಚಿನಲ್ಲಿ ಆಡಳಿತ ವೆಚ್ಚದಂಥವುಗಳ ಪಾಲು) ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂದು ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಸಂಬಳದ ಬಗ್ಗೆ ತಕರಾರು ಮಾಡುವ ದಾನಿಗೆ ತೋರಿಸಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಪತ್ರಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಪೂರ್ಣ ವೆಚ್ಚವನ್ನು ಒಂದೇ ಸಂಖ್ಯೆಯಾಗಿ ಹೇಳುವುದು: "ಒಂದು ಕಾನೂನು ನೆರವಿನ ಕೇಂದ್ರ ಒಂದು ವರ್ಷ ನಡೆಯಲು 124 ಬೇಕು". 100 ಕೆಲಸಕ್ಕೆ, 24 ಆಡಳಿತಕ್ಕೆ ಎಂದು ನೀವೇ ಒಡೆದು ತೋರಿಸಿ ದಾನಿಯ ಕೈಗೆ ಕತ್ತರಿ ಕೊಡಬೇಡಿ. ಕೇಂದ್ರದ ವಕೀಲರ ಸಂಬಳವೇ ಅಲ್ಲಿಯ ಕೆಲಸ. ಲೆಕ್ಕದ ವಿವರ ಕೇಳಿದವರಿಗೆ ಪೂರ್ತಿ ಕೊಡಿ, ಮುಚ್ಚಿಡುವ ಮಾತಲ್ಲ ಇದು.

ಫೋಟೊ ವಿಷಯದಲ್ಲಿ ಸಹಿ ಮಾಡಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಸೇವೆ ಕೊಡುವ ಕೈಯೇ ಕ್ಯಾಮೆರಾ ಹಿಡಿದು ಕೇಳಿದರೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಸೇವೆ ಕೊಡುವವರೇ ಒಪ್ಪಿಗೆ ಕೇಳಬಾರದು. ಚಿತ್ರ ಎಲ್ಲಿ, ಎಷ್ಟು ಕಾಲ ಬಳಸುತ್ತೇವೆ ಎಂದು ಅವರ ಭಾಷೆಯಲ್ಲಿ ಹೇಳಿ, ಮಾದರಿ ಪುಟ ತೋರಿಸಿ. ಬಳಸುವ ಮುನ್ನ ಬರಹ, ಚಿತ್ರ ಎರಡನ್ನೂ ಅವರಿಗೆ ಕಳಿಸಿ ಇನ್ನೊಮ್ಮೆ ಕೇಳಿ. ಒಪ್ಪಿಗೆಗೆ ಎರಡು ವರ್ಷದ ಗಡುವು ಹಾಕಿ, ಮುಗಿದ ಮೇಲೆ ಚಿತ್ರಭಂಡಾರದಿಂದ ಅಳಿಸಿ. ಹಿಂತೆಗೆದುಕೊಳ್ಳಲು ಒಂದು ಫೋನ್ ನಂಬರ್ ಸಾಕು, ಅರ್ಜಿ ಬೇಡ. ಯುರೋಪಿನ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ಕಾಂಕಾರ್ಡ್ 2006ರಲ್ಲೇ ಚಿತ್ರ ಮತ್ತು ಸಂದೇಶಗಳಿಗೆ ನೀತಿಸಂಹಿತೆ ಒಪ್ಪಿಕೊಂಡಿದೆ. ಸ್ವಂತದ್ದನ್ನು ಬರೆಯಲು ಅಲ್ಲಿಂದ ಆರಂಭಿಸಬಹುದು. ಮನವಿಯಲ್ಲಿ ಕಷ್ಟವನ್ನು ಮಾತ್ರ ತೋರಿಸಿ ಅದರ ಕಾರಣವನ್ನು ಬಿಟ್ಟರೆ, ಭೂಮಿಯ ಹಕ್ಕು, ಕೂಲಿ, ಕಾನೂನಿನಂಥ ವಿಷಯದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಹಣ ಕೊಡುವಾಗ ದಾನಿ "ಇದು ನಾನು ಒಪ್ಪಿದ್ದಲ್ಲ" ಎನ್ನುತ್ತಾರೆ. ಕಾರಣವನ್ನು ಮೊದಲ ಪತ್ರದಿಂದಲೇ ಹೇಳಿ.

ದೊಡ್ಡ ದಾನಿಗಳಿಗೆ ಒಂದು ಲಿಖಿತ ನೀತಿ ಬೇಕು: ಯಾವ ಹಣ ಸ್ವೀಕರಿಸುವುದಿಲ್ಲ, ಸ್ವೀಕರಿಸಿದ ಹಣ ಯಾರಿಗೆ ಎಂದು ದಾನಿ ಹೆಸರಿಸುವಂತಿಲ್ಲ, ಆಯ್ಕೆ ಸಮಿತಿಯಲ್ಲಿ ಕುರ್ಚಿ ಇಲ್ಲ. ನೀತಿಯನ್ನು ದೇಣಿಗೆ ಬರುವ ಮೊದಲೇ ಪ್ರಕಟಿಸಿರಬೇಕು. ಚೆಕ್ ಮುಂದಿಟ್ಟುಕೊಂಡು ನೀತಿ ಬರೆಯಲಾಗದು. ಷರತ್ತಿನ ದೇಣಿಗೆಗಳನ್ನು ಸಾಧ್ಯವಾದಷ್ಟೂ ಒಂದು ಸಾಮೂಹಿಕ ನಿಧಿಗೆ ತಿರುಗಿಸಿ, ವಿಶಾಲ ವಿಷಯದ ಹೆಸರಿನಲ್ಲಿ. ಆಗ ಎಲ್ಲ ದಾನಿಗಳಿಗೂ ಒಂದೇ ವರದಿ ಹೋಗುತ್ತದೆ, ಅನುದಾನ ಪಡೆದವರು ಹತ್ತು ನಮೂನೆ ತುಂಬಬೇಕಾಗುವುದಿಲ್ಲ.

ನಿಮ್ಮ ಮಂಡಳಿಯ ಸದಸ್ಯರಾಗಲು ಇಷ್ಟು ದೇಣಿಗೆ ಕೊಡಬೇಕು ಅಥವಾ ತರಬೇಕು ಎಂಬ ನಿಯಮವಿದ್ದರೆ ಅದನ್ನೂ ಈ ಚರ್ಚೆಗೆ ತನ್ನಿ. ಅದು ಇರುವವರೆಗೆ ಈ ಮೇಲಿನದಕ್ಕೆಲ್ಲ ಒಪ್ಪಿಗೆ ಕೊಡಬೇಕಾದವರು ಒಂದೇ ವರ್ಗದಿಂದ ಬರುತ್ತಾರೆ.

---

ಕಡತಮನೆ

ಲೆಕ್ಕದಪುಟ ಅವರ ಮಾತು ಸರಿ, ಬಿಲ್ ಪದ್ಧತಿಯೇ ಮೊದಲು ಹೋಗಲಿ. ಅದಕ್ಕೆ ನಿಮ್ಮ ಒಟ್ಟು ಖರ್ಚಿನಲ್ಲಿ ಏನೂ ಹೆಚ್ಚುವುದಿಲ್ಲ, ಹಣ ಹೋಗುವ ದಿನಾಂಕ ಮಾತ್ರ ಬದಲಾಗುತ್ತದೆ. ಮಂಡಳಿಯನ್ನು ಒಪ್ಪಿಸುವುದೂ ಸುಲಭ. ಮುಂದಿನ ಸುತ್ತಿಗೆ ಅದು ಮತ್ತು ಎರಡು ಹಂತದ ಅರ್ಜಿ. ಅದರ ಮುಂದಿನ ಸುತ್ತಿಗೆ ಸ್ವಂತ ಪಾಲು, ಆಡಳಿತ ವೆಚ್ಚದ ಮಿತಿ. ಅಂಕದ ಸರಾಸರಿ ಕಳೆಯುವುದಕ್ಕೆ ಮಂಡಳಿಯ ಒಪ್ಪಿಗೆಯೇ ಬೇಡ, ಸಿಬ್ಬಂದಿ ಸ್ಪ್ರೆಡ್‌ಶೀಟ್‌ನಲ್ಲಿ ಈ ಸಲವೇ ಮಾಡಿ ಹಳೆಯ ಪಟ್ಟಿಯ ಪಕ್ಕ ಹೊಸದನ್ನಿಟ್ಟು ತೋರಿಸಲಿ.

ತಿರಸ್ಕೃತರಿಗೆ ಉತ್ತರ ಕೊಡುವುದನ್ನು ಯಾರೂ ಹೇಳಲಿಲ್ಲ. ಮೊದಲ ಹಂತದಲ್ಲಿ ಬಿಟ್ಟವರಿಗೆ ಮೂರು ವಾರದೊಳಗೆ ತಿಳಿಸಿ, ಯಾವ ಮಾನದಂಡದಲ್ಲಿ ಎಷ್ಟು ಅಂಕ ಬಂತು ಎಂದು ಕೊಡಿ, ಕೇಳಿದವರ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ. ಎರಡನೇ ಸಲ ಅರ್ಜಿ ಹಾಕುವವರ ಸಂಖ್ಯೆಯನ್ನು ಮೇಲೆ ಹೇಳಿದ ಎಣಿಕೆಯ ಪಟ್ಟಿಗೆ ಇನ್ನೊಂದು ಕಲಮಾಗಿ ಸೇರಿಸಿಕೊಳ್ಳಿ.